ಮಾವನ ಹೆಸರಿನ ಜಾಗ

ಬಿಶ್ಕೆಕ್
11 ಫೆಬ್ರವರಿ 2001

ಅತ್ತೆಯವರಿಗೆ ಸೊಸೆ ಜಿಪಾರ್ ಮೂರು ಸಲ ಬಾಗಿ ಮಾಡುವ ಸಲಾಮು.

ಮೂರು ವರ್ಷ ಸುಮ್ಮನಿದ್ದು, ಈಗ ಬರೆದ ಮೊದಲ ಕಾಗದದಲ್ಲೇ ಹಾಸು ಕೇಳುವವಳು ಎಂಥ ಸೊಸೆ ಎಂದು ನೀವು ಬಯ್ಯುವುದು ಇಲ್ಲಿಗೇ ಕೇಳಿಸುತ್ತಿದೆ. ಬಯ್ದು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ನಿಮ್ಮ ಅಟ್ಟದ ಮೇಲಿರುವ ಹಳೆಯ ಉಣ್ಣೆ ಹಾಸುಗಳು ನನಗೆ ಬೇಕು. ಹುಳ ತಿಂದಿದ್ದರೂ ಸರಿ, ಬಣ್ಣ ಹೋಗಿದ್ದರೂ ಸರಿ, ದಪ್ಪ ಇದ್ದರೆ ಸಾಕು. ನಿಮ್ಮ ಮಗ ಕೆಲಸ ಮಾಡುವ ಟ್ರಾಲಿಬಸ್ ಡಿಪೋದಲ್ಲಿ ಹಳೆಯ ಬ್ಯಾಟರಿ ಕೋಣೆಯೊಂದು ಖಾಲಿ ಬಿದ್ದಿತ್ತು. ಅದನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಟೇಪ್ ಯಂತ್ರ ಇಟ್ಟು ಹಾಡುಗಳನ್ನು ಮುದ್ರಿಸುತ್ತಿದ್ದೇನೆ. ಗೋಡೆಯೆಲ್ಲ ಬರಿ ಸಿಮೆಂಟು. ಡ್ರಮ್ಮಿಗೆ ಒಂದೇಟು ಹೊಡೆದರೆ ನಾಲ್ಕು ಕೇಳಿಸುತ್ತದೆ. ನಮ್ಮ ಡ್ರಮ್ಮಿನ ಅಬ್ಲೆತ್‌ಗೆ ಇದರಿಂದ ಬಹಳ ಖುಷಿ, ತಾನು ನಾಲ್ಕು ಜನರ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದಾನೆ. ಗೋಡೆಗೆ ಉಣ್ಣೆ ಹೊದಿಸಿದರೆ ಸದ್ದು ಸದ್ದಾಗಿ ಉಳಿಯುತ್ತದೆ.

ನನ್ನ ಕೆಲಸ ಏನೆಂದು ಊರಿನಲ್ಲಿ ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರೋ ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಕತ್ತಮಾ ಎಂಬ ಪಂಕ್ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಪದರ ಪದರವಾಗಿ ಬೇಯಿಸುವ ನಮ್ಮ ರೊಟ್ಟಿಯ ಹೆಸರನ್ನೇ ಯಾಕೆ ಇಟ್ಟೆವೆಂದರೆ, ಹೆಸರು ಹುಡುಕುವಾಗ ಮೂವರಿಗೂ ಹಸಿವಾಗಿತ್ತು. ನಾಲ್ಕು ವರ್ಷದಿಂದ ಬೇರೆಯವರ ಹಾಡುಗಳನ್ನೂ ಮುದ್ರಿಸಿ ತಿದ್ದಿ ಕೊಡುತ್ತೇನೆ. ಮದುವೆ ಹಾಡಿನವರು ಬರುತ್ತಾರೆ, ಕೋಮುಜ್ ನುಡಿಸುವ ಮುದುಕರು ಬರುತ್ತಾರೆ, ಕಿವಿಗೆ ಗುಂಡುಪಿನ್ನು ಚುಚ್ಚಿಕೊಂಡ ಹುಡುಗಿಯರೂ ಬರುತ್ತಾರೆ. ಎಲ್ಲರಿಗೂ ಮೊದಲು ಚಹಾ ಕೊಟ್ಟು ಟೇಪ್ ಓಡಿಸಿಬಿಡುತ್ತೇನೆ. ಜನ ಹಾಡುತ್ತೇವೆಂದು ನಿಂತಾಗ ಹಾಡುವುದಕ್ಕಿಂತ, ಮುಗಿಯಿತೆಂದು ಕುಳಿತಾಗ ಹಾಡುವುದೇ ಚೆನ್ನಾಗಿರುತ್ತದೆ.

ಸೋನುನ್ ಮುಂದಿನ ಎರಡು ಹಲ್ಲು ಉದುರಿಸಿಕೊಂಡು ಅಜ್ಜಿಗೆ ತೋರಿಸಬೇಕು ಅನ್ನುತ್ತಿದ್ದಾಳೆ. ನಿಮ್ಮ ಮಗ ಚೆನ್ನಾಗಿದ್ದಾರೆ.

ಆ ಮದುವೆಯ ವಿಷಯ ಈ ಕಾಗದದಲ್ಲಿ ಎತ್ತುವುದಿಲ್ಲ. ಮಾವನವರಿಗೆ ನನ್ನ ಸಲಾಮು ಹೇಳಬಹುದಾದರೆ ಹೇಳಿ.

ನಿಮ್ಮ ಸೊಸೆ,
ಜಿಪಾರ್

*

ಆತ್-ಬಾಶಿ
2 ಮಾರ್ಚ್ 2001

ಜಿಪಾರ್‌ಗೆ ಅತ್ತೆ ಅಸಿಲ್‌ಕಾನ್ ಬರೆದದ್ದು.

ದೋಲೋನ್ ಘಟ್ಟದಲ್ಲಿ ಹಿಮ ಬಿದ್ದು ದಾರಿ ಮುಚ್ಚಿತ್ತು, ಆದ್ದರಿಂದ ತಡ. ವ್ಯಾನಿನ ಕುಬಾತ್ ಕೈಯಲ್ಲಿ ಆರು ಹಾಸು ಕಳಿಸಿದ್ದೇನೆ. ನಾಲ್ಕಕ್ಕೆ ಹುಳ ಬಿದ್ದಿದೆ, ಒಂದನ್ನು ನಾಯಿ ಹಾಸಿಕೊಂಡಿತ್ತು, ಆರನೆಯದು ನನ್ನ ಅತ್ತೆ ಹೊಲಿದದ್ದು. ಅದಕ್ಕೆ ಮೊಳೆ ಹೊಡೆದರೆ ನಿನ್ನ ಕೈ ಮುರಿಯುತ್ತೇನೆ. ಹಗ್ಗ ಕಟ್ಟಿ ನೇತುಹಾಕು.

ಹಾಸು ಕೊಟ್ಟೆ ಅಂದ ಮಾತ್ರಕ್ಕೆ ಎಲ್ಲ ಮರೆತೆ ಅಂದುಕೊಳ್ಳಬೇಡ. ಮದುವೆ ವಿಷಯ ಎತ್ತುವುದಿಲ್ಲ ಅಂತ ಬರೆದು ಎತ್ತಿದ್ದೀಯ, ಆದ್ದರಿಂದ ನಾನೂ ಎತ್ತುತ್ತೇನೆ. ನಿನ್ನ ಮೈದುನನ ಮದುವೆಗೆ ನಿಮ್ಮ ತಂಡ ನುಡಿಸಲಿ ಎಂದು ಹಟ ಮಾಡಿದವಳು ನಾನೇ, ಆ ತಪ್ಪು ನನ್ನದು. ಆದರೆ ಆಮೇಲೆ ಆದದ್ದೇನು? ಹಿರಿಯರ ಸಾಲಿನಲ್ಲಿ ನಿನ್ನ ಮಾವ ಕುಳಿತಿದ್ದರು. ಮುಂದೆ ಕುರಿಯ ತಲೆ ಇಟ್ಟಿದ್ದರು. ಕಿವಿ ಕೊಯ್ದು ಮೊಮ್ಮಗಳಿಗೆ ಕೊಡೋಣವೆಂದು ಚಾಕು ಹಿಡಿದಿದ್ದರು. ಅಷ್ಟರಲ್ಲಿ ನೀನು, ಅರ್ಧ ತಲೆ ಬೋಳಿಸಿಕೊಂಡವಳು, ಆ ಉದ್ದ ಕತ್ತಿನ ವಾದ್ಯದ ಮೇಲೆ ಒಂದು ಬಡಿದೆ, ಮುನ್ನೂರು ಹುಡುಗರು ಒಟ್ಟಿಗೆ ನಿನ್ನ ಮಾವನ ಹೆಸರನ್ನು ಕಿರುಚಿದರು. ಒಂದು ಸಲವಲ್ಲ, ಹನ್ನೆರಡು ಸಲ! ಅವರು ಚಾಕು ಕೆಳಗಿಟ್ಟು ಎದ್ದು ಹೋದರು. ಅವತ್ತಿನಿಂದ ನಿಮ್ಮ ಮನೆಯ ಸುದ್ದಿ ಈ ಮನೆಯಲ್ಲಿ ಆಡುವಂತಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದು ನಲವತ್ತೊಂದು ವರ್ಷ. ಒಂದು ದಿನವೂ ಆ ಹೆಸರು ನನ್ನ ಬಾಯಿಂದ ಬಂದಿಲ್ಲ. ಅದು ಹೆಸರೂ ಹೌದು, ದಿನಬಳಕೆಯ ಮಾತೂ ಹೌದು, ಅದೇ ಕಷ್ಟ. ಕುದುರೆಯ ಕಟ್ಟು ಬಿಚ್ಚಿ ಮೇಯಲು ಬಿಟ್ಟೆ ಎಂದು ಹೇಳಬೇಕಾದಾಗಲೆಲ್ಲ ‘ಹಗ್ಗವಿಲ್ಲದ್ದು’ ಎಂದು ಸುತ್ತಿ ಬಳಸಿ ಹೇಳಿದ್ದೇನೆ. ನಿನಗೂ ಮದುವೆಯಾದ ವಾರದಲ್ಲೇ ಕಲಿಸಿಕೊಟ್ಟಿದ್ದೆ. ನೀನು ಮಾತ್ರ ಇಡೀ ಜಿಲ್ಲೆಯ ಬಾಯಲ್ಲಿ ಹೇಳಿಸಿದೆ.

ಯಾಕೆ ಹಾಗೆ ಮಾಡಿದೆ? ಮೂರು ವರ್ಷದಿಂದ ಇದೊಂದನ್ನೇ ಕೇಳಬೇಕೆಂದಿದ್ದೆ. ಫೋನಿನ ತಂತಿ ಮತ್ತೆ ಕದ್ದಿದ್ದಾರೆ, ಕಾಗದದಲ್ಲೇ ಬರೆ.

ಅಸಿಲ್‌ಕಾನ್

ಮಗುವಿನ ಹಲ್ಲನ್ನು ಕೊಬ್ಬಿನಲ್ಲಿ ಸುತ್ತಿ ನಾಯಿಗೆ ಹಾಕಿದೆಯಾ? ಪಟ್ಟಣದವರು ಅಂತ ಬಿಟ್ಟುಬಿಡಬೇಡ, ಹೊಸ ಹಲ್ಲು ಸೊಟ್ಟಗೆ ಬರುತ್ತದೆ.

*

ಬಿಶ್ಕೆಕ್
25 ಮಾರ್ಚ್ 2001

ಅತ್ತೆಯವರಿಗೆ ಸಲಾಮು.

ಹಾಸುಗಳು ಬಂದವು. ಕೋಣೆಯೆಲ್ಲ ಹೊಗೆ, ಕುರಿ, ನಾಯಿ ವಾಸನೆ. ಅಬ್ಲೆತ್ ಡ್ರಮ್ಮಿಗೆ ಹೊಡೆದ, ಒಂದೇ ಕೇಳಿಸಿತು. ಪಾಪ, ಪೆಚ್ಚಾದ. ಆರನೆಯದನ್ನು ಹಗ್ಗದಲ್ಲೇ ಕಟ್ಟಿದ್ದೇನೆ. ಹಲ್ಲು ನಾಯಿಯ ಹೊಟ್ಟೆ ಸೇರಿದೆ.

ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ನಾನು ಹೇಳಿಸಲಿಲ್ಲ, ಅತ್ತೆ. ನಾನು ಬಾಯಿ ಮುಚ್ಚಿದೆ, ಅಷ್ಟೇ.

ಆ ಹಾಡು ಕಟ್ಟಿದ್ದು ನನ್ನ ಮದುವೆಗೆ ಒಂದು ವರ್ಷ ಮೊದಲು. ನಮ್ಮ ಹಾಡುಗಾರ ವಿತಾಲಿಕ್ ‘ಬೂಟಿಗೆ ದಾರವಿಲ್ಲ, ನಾಯಿಗೆ ಸರಪಳಿಯಿಲ್ಲ, ನಾವು’ ಎಂದು ಕೂಗುತ್ತಿದ್ದ. ನಾನು ಬೇಸ್ ಬಾರಿಸಿ ಆ ಒಂದು ಪದವನ್ನು ಉತ್ತರವಾಗಿ ಕೂಗುತ್ತಿದ್ದೆ. ಅದೇ, ಹಗ್ಗವಿಲ್ಲದ್ದು. ಆಮೇಲೆ ನಿಮ್ಮ ಮನೆಗೆ ಸೊಸೆಯಾಗಿ ಬಂದೆ. ಮದುವೆಯಾದ ಮೇಲಿನ ಮೊದಲ ಕಛೇರಿ ಪಾಲಿಟೆಕ್ನಿಕ್ ಸಭಾಂಗಣದಲ್ಲಿತ್ತು. ವಿತಾಲಿಕ್ ‘ನಾವು’ ಅಂದ. ನನ್ನ ಬಾಯಿಗೆ ಬಂದದ್ದು ಮಾವನವರ ಹೆಸರು! ಹಲ್ಲು ಕಚ್ಚಿ ಬರೀ ತಂತಿ ಬಾರಿಸಿದೆ. ಮಾತಿನ ಜಾಗ ಖಾಲಿ ಉಳಿಯಿತು. ಕೆಳಗಿದ್ದವರಿಗೆ ಏನನ್ನಿಸಿತೋ, ತಾವೇ ಆ ಪದ ಕೂಗಿದರು. ಚಾವಣಿಯ ಧೂಳು ಉದುರಿತು.

ವಿತಾಲಿಕ್ ಮೊದಲು ಸಿಟ್ಟಾದ, ಆಮೇಲೆ ಕುಣಿದ. ಪತ್ರಿಕೆಯಲ್ಲಿ ಯಾರೋ ಬರೆದರು, ಈ ಮೌನ ಒಂದು ಕ್ರಾಂತಿ ಎಂದು. ಅದು ಕ್ರಾಂತಿಯೂ ಅಲ್ಲ ಮಣ್ಣೂ ಅಲ್ಲ, ಅದು ಸೊಸೆತನ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಅರ್ಧ ತಲೆ ಬೋಳಿಸಿಕೊಂಡವಳು ಮಾವನ ಹೆಸರು ಹೇಳಲು ಹೆದರುತ್ತಾಳೆ ಎಂದು ಹೇಗೆ ಹೇಳಲಿ? ಒಂಬತ್ತು ವರ್ಷದಿಂದ ಎಲ್ಲೇ ನುಡಿಸಿದರೂ ನಾನು ಬಾಯಿ ಮುಚ್ಚುತ್ತೇನೆ, ಜನ ಕೂಗುತ್ತಾರೆ. ನನ್ನ ಹೊಟ್ಟೆಪಾಡಿನ ವಿದ್ಯೆಯೆಲ್ಲ ಅಲ್ಲಿಂದಲೇ ಬಂದದ್ದು. ಬೇರೆಯವರ ಹಾಡು ತಿದ್ದುವಾಗಲೂ, ಎಲ್ಲಿ ಸುಮ್ಮನಿರಬೇಕು ಎಂಬುದನ್ನಷ್ಟೇ ನಾನು ಹೇಳಿಕೊಡುವುದು.

ಮೈದುನನ ಮದುವೆಯಲ್ಲಿ ಆ ಹಾಡನ್ನು ಬಿಡಬೇಕಿತ್ತು. ನಾನು ಸುಮ್ಮನಿದ್ದರೆ ಮರ್ಯಾದೆ ಉಳಿಯಿತು ಎಂದುಕೊಂಡೆ, ಊರಿನ ಹುಡುಗರ ಬಾಯಿ ಮರೆತೆ. ತಪ್ಪಾಯಿತು. ಅವತ್ತೇ ಕಾಲಿಗೆ ಬಿದ್ದು ಹೇಳಬೇಕಿತ್ತು, ಬಿಂಕದಿಂದ ವ್ಯಾನು ಹತ್ತಿ ಬಂದುಬಿಟ್ಟೆ.

ಈಗ ಒಂದು ಕಷ್ಟ ಬಂದಿದೆ. ವಿತಾಲಿಕ್ ತನ್ನ ತಾಯಿಯ ಜೊತೆ ಜರ್ಮನಿಗೆ ಹೋಗಿ ನೆಲೆಸಿದ. ಹನ್ನೊಂದು ವರ್ಷದಲ್ಲಿ ನಮ್ಮದೊಂದು ಆಲ್ಬಮ್ ಇಲ್ಲ. ಈಗ ಅಲ್ಮಾತಿಯ ಪುಟ್ಟ ಕಂಪನಿಯೊಂದು, ಅಕ್ಟೋಬರ್ ಮುಗಿಯುವುದರೊಳಗೆ ಟೇಪ್ ಕೊಟ್ಟರೆ ಹೊರತರುತ್ತೇವೆ ಎಂದಿದೆ. ಹಾಡುವವಳೂ ನಾನೇ, ನುಡಿಸುವವಳೂ ನಾನೇ, ಮುದ್ರಿಸುವವಳೂ ನಾನೇ. ಆ ಹಾಡಿಲ್ಲದೆ ಕತ್ತಮಾ ಇಲ್ಲ. ಆದರೆ ಕೋಣೆಯಲ್ಲಿ ಜನವಿಲ್ಲವಲ್ಲ. ಜನವಿಲ್ಲದ ಕಡೆ ಬಾಯಿ ಮುಚ್ಚಿದರೆ ಅದು ಬರೀ ತೂತು. ಅಬ್ಲೆತ್ ಕೈಲಿ ಹೇಳಿಸಿ ನೋಡಿದೆ, ಬಸ್ ನಿಲ್ದಾಣದ ಹೆಸರು ಹೇಳಿದ ಹಾಗೆ ಹೇಳುತ್ತಾನೆ.

ಮಾವನವರನ್ನು ಕೇಳುತ್ತೀರಾ? ಆ ಪದವನ್ನು ಹೇಳಲು ನನಗೆ ಅಪ್ಪಣೆ ಬೇಕು. ಅವರು ಬೇಡವೆಂದರೆ ಹಾಡನ್ನೇ ಬಿಡುತ್ತೇನೆ. ಹತ್ತು ವರ್ಷದ ಹಾಡು, ಆದರೂ ಬಿಡುತ್ತೇನೆ.

ಹಾಡಿನ ಕ್ಯಾಸೆಟ್ ಇದರ ಜೊತೆಗಿದೆ. ಹಳೆಯ ಕಛೇರಿಯದು, ಜನರ ಕೂಗು ಸಣ್ಣಗೆ ಬರುವ ಹಾಗೆ ಮಾಡಿದ್ದೇನೆ. ನನ್ನ ಬಾಯನ್ನು ಕೇಳಿ.

ಜಿಪಾರ್

*

ಆತ್-ಬಾಶಿ
20 ಏಪ್ರಿಲ್ 2001

ಜಿಪಾರ್‌ಗೆ.

ಕೇಳಿದೆ. ಮೂರು ಸಲ ಕೇಳಿದೆ. ಕಿವಿ ನೋವು ಬಂತು. ಅದು ಹಾಡೇ ಆಗಿದ್ದರೆ ನಮ್ಮ ಹಿಟ್ಟಿನ ಗಿರಣಿ ದೊಡ್ಡ ಸಂಗೀತಗಾರ. ಆದರೆ ನೀನು ಹೇಳಿದ್ದು ನಿಜ, ಪ್ರತಿ ಸಲ ಆ ಜಾಗ ಬಂದಾಗ ನಿನ್ನ ಬಾಯಿ ಮುಚ್ಚಿದೆ. ಮೂರು ವರ್ಷ ನಿನ್ನನ್ನು ಬಯ್ದದ್ದರಲ್ಲಿ ಅರ್ಧ ವಾಪಸ್ ತಗೊಂಡೆ. ಉಳಿದರ್ಧ ತಲೆ ಬೋಳಿಸಿದ್ದಕ್ಕೆ ಇರಲಿ.

ನಿನ್ನ ಮಾವನ ಮುಂದೆ ಹಾಡುವ ಪೆಟ್ಟಿಗೆಯಲ್ಲಿ ಕ್ಯಾಸೆಟ್ ಹಾಕಿದೆ. ಎರಡು ಬಡಿತ ಕೇಳಿ ಗುರುತು ಹಿಡಿದರು. ‘ಈ ಮನೇಲಿ ಅದು ಬೇಡ’ ಅಂದರು. ಅಷ್ಟೇ ಮಾತು. ನನಗೂ ನಲವತ್ತೊಂದು ವರ್ಷದ ಅನುಭವವಿದೆ. ಮನೆಯಲ್ಲಿ ಬೇಡ ಅಂದರು, ಕೊಟ್ಟಿಗೆಯಲ್ಲಿ ಬೇಡ ಅನ್ನಲಿಲ್ಲ. ಈಗ ಹೆಣ್ಣುಕುದುರೆಗಳು ಮರಿ ಹಾಕುವ ಕಾಲ, ಅವರು ದಿನವಿಡೀ ಅಲ್ಲೇ ಇರುತ್ತಾರೆ. ಮೇವಿನ ಅಟ್ಟಣೆ ಮೇಲೆ ಪೆಟ್ಟಿಗೆ ಇಟ್ಟು, ಹಾಲು ಕರೆಯುವಾಗ ನನಗೆ ಬೇಸರ ಅಂತ ಹಾಕಿಕೊಳ್ಳುತ್ತೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುತ್ತಾರೆ. ಕುದುರೆ ಹಾಗಲ್ಲ ಕಣೆ. ನಿನ್ನ ದಪ್ಪ ತಂತಿ ಬಂದ ಕೂಡಲೇ ಬೂದು ಕುದುರೆ ಕಿವಿ ಸಡಿಲ ಬಿಟ್ಟು ನಿಲ್ಲುತ್ತದೆ. ಅದು ಒದೆಯದೆ ಹಾಲು ಕೊಟ್ಟದ್ದು ಇದೇ ಮೊದಲು.

ಮುದುಕರು ಎದ್ದು ಹೋಗಿಲ್ಲ. ಆಫ್ ಮಾಡು ಅಂತಲೂ ಅಂದಿಲ್ಲ.

ಅಸಿಲ್‌ಕಾನ್

*

ಆತ್-ಬಾಶಿ
18 ಮೇ 2001

ಸುಯುಂಚು!

ಏನು ಎಂದು ಕೇಳಬೇಡ. ಸುಯುಂಚು ಅಂದರೆ ಮೊದಲು ಉಡುಗೊರೆ, ಆಮೇಲೆ ಸಿಹಿಸುದ್ದಿ. ಪಟ್ಟಣಕ್ಕೆ ಹೋಗಿ ಪದ್ಧತಿ ಮರೆತಿದ್ದರೆ ನೆನಪಿಸಿಕೊ. ನಾಳೆ ಬೇಸಿಗೆ ಹುಲ್ಲುಗಾವಲಿಗೆ ಹೊರಟಿದ್ದೇವೆ. ಏನು ಕೊಡುತ್ತೀಯೋ ಬರೆದು ಕುಬಾತ್ ಕೈಲಿ ಕೊಡು, ಅವನು ಹಾಲಿನ ಲಾರಿಯವನಿಗೆ ದಾಟಿಸುತ್ತಾನೆ.

ಅಸಿಲ್‌ಕಾನ್

*

ಬಿಶ್ಕೆಕ್
27 ಮೇ 2001

ಅತ್ತೆ,

ಕೇಳಿದ್ದು ಕೊಡುತ್ತೇನೆ. ಬೇಸ್ ಗಿಟಾರ್ ಒಂದನ್ನು ಬಿಟ್ಟು. ಅದೂ ಬೇಕೆಂದರೆ ಅಕ್ಟೋಬರ್ ಕಳೆಯುವವರೆಗೆ ತಾಳಿ, ಆಮೇಲೆ ತಗೊಳ್ಳಿ. ಬೇಗ ಬರೆಯಿರಿ. ಒಂಬತ್ತು ದಿನದಿಂದ ಅನ್ನ ಸೇರುತ್ತಿಲ್ಲ ಎಂದು ಬರೆಯೋಣವೆಂದಿದ್ದೆ, ನಿಮ್ಮ ಮಗ ಪಕ್ಕದಲ್ಲಿ ಕುಳಿತು ‘ಸುಳ್ಳು ಬರೀಬೇಡ, ಈಗಷ್ಟೇ ಎರಡು ತಟ್ಟೆ ಲಗ್ಮಾನ್ ತಿಂದಿದೀಯ’ ಅನ್ನುತ್ತಿದ್ದಾರೆ.

ಜಿಪಾರ್

*

ಹುಲ್ಲುಗಾವಲು
9 ಜೂನ್ 2001

ಜಿಪಾರ್‌ಗೆ.

ಕೇಳು. ಕೊಟ್ಟಿಗೆಯಲ್ಲಿ ಒಂದು ದಿನ ಮಧ್ಯಾಹ್ನ ನಿನ್ನ ಹಾಡು ಮುಗಿದು ಪೆಟ್ಟಿಗೆ ಟಕ್ ಎಂದು ನಿಂತಿತು. ನಿನ್ನ ಮಾವ ಮರಿಯ ಮೈ ಒರೆಸುತ್ತಿದ್ದರು. ತಲೆ ಎತ್ತದೆ, ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಬೆರಳು ಮಡಚಿ ಎಣಿಸುತ್ತಿದ್ದರು. ಹಾಡು ಮುಗಿದ ಮೇಲೆ ಬಹಳ ಹೊತ್ತು ಒರೆಸಿದ ಜಾಗವನ್ನೇ ಒರೆಸಿದರು.

‘ಹನ್ನೆರಡು ಸಲ ಬಂತು. ಹನ್ನೆರಡು ಸಲಾನೂ ಹುಡುಗಿ ಬಾಯಿ ಮುಚ್ಚಿದಾಳೆ’ ಅಂದರು.

ಹೌದು ಅಂದೆ.

‘ಅಲ್ಲ, ಇಷ್ಟು ಮರ್ಯಾದೆ ನೀನೂ ನನಗೆ ಕೊಟ್ಟಿಲ್ವಲ್ಲೇ’ ಅಂದರು.

ನೋಡಿದೆಯಾ? ನಲವತ್ತೊಂದು ವರ್ಷ ನಾನು ತುಟಿ ಪಿಟಕ್ಕೆನ್ನದೆ ಕಳೆದದ್ದು ಲೆಕ್ಕಕ್ಕಿಲ್ಲ, ನೀನು ಮೂರು ನಿಮಿಷ ಸುಮ್ಮನಿದ್ದದ್ದಕ್ಕೆ ಕಣ್ಣು ಒದ್ದೆ! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದು ಇದಕ್ಕೇ. ನಾನು ಸಿಟ್ಟಿನಲ್ಲಿ ಹಾಲಿನ ಚರ್ಮದ ಚೀಲವನ್ನು ಅವರ ಕಾಲ ಮೇಲೇ ಇಟ್ಟೆ. ಆಮೇಲೆ ನಿನ್ನ ಕಷ್ಟ ಹೇಳಿದೆ. ಹೇಳಲಿ ಅಂದರು. ಅಪ್ಪಣೆ ಅಂದ ಮೇಲೆ ಬರಿಗೈಯಲ್ಲಿ ಕೊಡಬಾರದು ಅಂತ, ಬೂದು ಕುದುರೆಯ ಈ ವರ್ಷದ ಮರಿಯನ್ನು ನಿನ್ನ ಹೆಸರಿಗೆ ಬಿಟ್ಟಿದ್ದಾರೆ. ಹೆಣ್ಣುಮರಿ, ಹಣೆಯಲ್ಲಿ ಬಿಳಿ ಚುಕ್ಕೆ. ಇನ್ನು ಆ ಪದ ನಿನ್ನದು, ಜೋರಾಗಿ ಹೇಳು.

ಈಗ ನನ್ನ ಉಡುಗೊರೆ. ಸೆಪ್ಟೆಂಬರಿನಲ್ಲಿ ಹಲ್ಲು ಕಟ್ಟಿಸಲು ಬಿಶ್ಕೆಕ್‌ಗೆ ಬರುತ್ತೇನೆ. ನನ್ನ ಹಾಸುಗಳನ್ನು ಎಲ್ಲಿ ನೇತುಹಾಕಿದ್ದೀಯ ನೋಡಬೇಕು. ಟೇಪ್ ಕೇಳಲು ನೀವು ಹಾಕಿಕೊಳ್ಳುತ್ತೀರಲ್ಲ, ಆ ಕಿವಿಮುಚ್ಚಳ ಹಾಕಿಕೊಂಡು ಒಂದು ದಿನ ಕೂರಬೇಕು.

ಅಸಿಲ್‌ಕಾನ್

*

ಬಿಶ್ಕೆಕ್
30 ಜುಲೈ 2001

ಅತ್ತೆಯವರಿಗೆ ಸಲಾಮು. ಮಾವನವರಿಗೆ ಬಾಗಿ ಸಲಾಮು.

ನಿಮ್ಮ ಕಾಗದ ಓದಿ ಡಿಪೋದ ಅಂಗಳದಲ್ಲಿ ಕುಣಿದೆ. ಟ್ರಾಲಿಬಸ್ಸಿನ ಚಾಲಕಿಯರು ನಮಗೂ ಹೇಳು ಎಂದರು. ಪಂಕ್ ನುಡಿಸುವವಳಿಗೆ ಕುದುರೆಮರಿ ಬಂತು ಎಂದೆ. ಅದಕ್ಕೆ ಮೇವು ಎಲ್ಲಿ ಹಾಕುತ್ತೀ, ನಾಲ್ಕನೇ ನಂಬರಿನ ಗಾಡಿಯಲ್ಲಾ ಎಂದು ನಗಾಡಿದರು.

ಇದು ಸುಖದ ಸುದ್ದಿ. ಈಗ ನಾಚಿಕೆಯದು. ಹೇಳಲು ಆಗುತ್ತಿಲ್ಲ, ಅತ್ತೆ.

ಉಳಿದ ಒಂಬತ್ತು ಹಾಡು ಮುಗಿದವು, ಚೆನ್ನಾಗಿ ಬಂದಿವೆ. ಇದೊಂದು ಬಾಕಿ. ಮೈಕಿನ ಮುಂದೆ ನಿಲ್ಲುತ್ತೇನೆ. ಬೂಟು, ನಾಯಿ, ಸರಪಳಿ ಎಲ್ಲ ಸರಿಯಾಗಿ ಬರುತ್ತದೆ, ‘ನಾವು’ ಎನ್ನುತ್ತೇನೆ, ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಗಂಟಲಿನಲ್ಲಿ ಕಡುಬು ಸಿಕ್ಕಿದ ಹಾಗೆ. ನಲವತ್ತು ಸಲ ಪ್ರಯತ್ನ ಮಾಡಿದೆ. ಒಮ್ಮೆ ಸದ್ದು ಬಂತು, ಕೇಳಿ ನೋಡಿದರೆ ಬಿಕ್ಕಳಿಕೆ. ಅಬ್ಲೆತ್ ಅದನ್ನೇ ಇಟ್ಟುಕೊಳ್ಳೋಣ ಎನ್ನುತ್ತಾನೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಿಮ್ಮ ಮಗ ಹಂಗಿಸುತ್ತಾರೆ.

ಇಷ್ಟು ಜನರ ಬಾಯಿ ಬಿಡಿಸಿದವಳು ನಾನು. ಕೋಚ್‌ಕೋರ್‌ನಿಂದ ಬಂದ ಒಬ್ಬ ಅಜ್ಜ, ಮೈಕು ಕಂಡರೆ ಬೆವರುವವನು, ಅವನಿಂದಲೂ ಹಾಡಿಸಿದೆ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಸೆಪ್ಟೆಂಬರಿಗೆ ತಪ್ಪದೆ ಬನ್ನಿ.

ಜಿಪಾರ್

*

ಬಿಶ್ಕೆಕ್
24 ಸೆಪ್ಟೆಂಬರ್ 2001

ಅತ್ತೆ,

ನೀವು ಹೋಗಿ ಐದು ದಿನವಾಯಿತು. ಸೋನುನ್ ನಿಮ್ಮ ಚಿನ್ನದ ಹಲ್ಲು ತನಗೂ ಬೇಕೆಂದು ಅಳುತ್ತಿದ್ದಾಳೆ. ನೀವು ಬೇಯಿಸಿಟ್ಟ ಕತ್ತಮಾ ಮುಗಿಯಿತು. ಅಬ್ಲೆತ್ ಹದಿಮೂರು ತಿಂದ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಡುವೆ ನಿಲ್ಲಿಸದೆ ಓದಿ.

ಕೊನೆಯ ದಿನ ನೀವು ಮೈಕಿನ ಹತ್ತಿರ ಸ್ಟೂಲಿನ ಮೇಲೆ, ಕಿವಿಮುಚ್ಚಳವನ್ನು ತಲೆವಸ್ತ್ರದ ಮೇಲೆ ಹಾಕಿಕೊಂಡು ಕುಳಿತಿದ್ದಿರಿ. ನಾನು ಮತ್ತೆ ತಡವರಿಸಿದೆ. ಸಾಕು ಎಂದು ಬೇಸ್ ಕೆಳಗಿಟ್ಟೆ. ಆಗ ನೀವು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ.

‘ನೀನು ಅದನ್ನ ಬಾವುಟ ಎತ್ತಿದ ಹಾಗೆ ಎತ್ತಕ್ಕೆ ಹೋಗ್ತೀಯ, ಅದಕ್ಕೇ ಸಿಕ್ಕೊಳ್ಳುತ್ತೆ. ಅದು ಘೋಷಣೆ ಅಲ್ವೇ ಹುಡುಗಿ, ನಮ್ಮನೆ ಮನುಷ್ಯ. ಅಂಗಳದಲ್ಲಿರೋರನ್ನ ಒಳಗೆ ಕರೆದ ಹಾಗೆ ಕರಿ.’

ಹೇಗೆ ಕರೆಯಬೇಕು, ತೋರಿಸಿ ಎಂದೆ. ನಾನೂ ಯಾವತ್ತೂ ಕರೆದಿಲ್ಲವಲ್ಲ ಎಂದಿರಿ. ಇಬ್ಬರೂ ನಕ್ಕೆವು. ನಕ್ಕು ನಕ್ಕು ನೀವು ಕಣ್ಣೊರೆಸಿಕೊಂಡಿರಿ. ನಗು ನಿಂತ ಮೇಲೆ, ಗೋಡೆಯ ಮೇಲಿನ ನಿಮ್ಮ ಅತ್ತೆಯ ಹಾಸಿನ ಕಡೆ ಒಮ್ಮೆ ನೋಡಿ, ಕರೆದಿರಿ. ಮೊದಲು ಮಾವನವರ ಹೆಸರು, ಪೂರ್ತಿ, ಸ್ಪಷ್ಟವಾಗಿ. ಆಮೇಲೆ, ‘ಬನ್ನಿ, ಚಹಾ ಆರ್ತಾ ಇದೆ.’

ಅಬ್ಲೆತ್‌ನ ಕೈಯಿಂದ ಕೋಲು ಬಿತ್ತು. ನೀವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಇದು ಈ ನಾಲ್ಕು ಗೋಡೆ ದಾಟಬಾರದು ಎಂದು ನನ್ನಿಂದ ಆಣೆ ಹಾಕಿಸಿದಿರಿ. ಮನಸಾರೆ ಆಣೆ ಮಾಡಿದೆ. ಆದರೆ ನನ್ನ ಹಾಳು ಅಭ್ಯಾಸ ನಿಮಗೆ ಗೊತ್ತಲ್ಲ. ಟೇಪ್ ಓಡುತ್ತಿತ್ತು.

ನಿನ್ನೆ ಸಿಕ್ಕಿತು. ಕೊನೆಯ ಸಲ ‘ನಾವು’ ಎಂದ ಮೇಲೆ ಬರುವ ಖಾಲಿ ಜಾಗದಲ್ಲಿ ಅದನ್ನು ಇಟ್ಟು ನೋಡಿದೆ. ಹನ್ನೊಂದು ಸಲ ಮೌನ, ಹನ್ನೆರಡನೆಯ ಸಲ ನೀವು. ಎಳೆಯಬೇಕಾಗಲಿಲ್ಲ, ತಳ್ಳಬೇಕಾಗಲಿಲ್ಲ, ಆ ಜಾಗ ಒಂಬತ್ತು ವರ್ಷದಿಂದ ನಿಮಗೇ ಕಾದಿದ್ದ ಹಾಗೆ ಕೂತಿತು. ನಾನು ಎಷ್ಟೋ ಜನರ ಹಾಡು ಮಾಡಿಕೊಟ್ಟಿದ್ದೇನೆ ಅತ್ತೆ, ಕೆಲಸ ಮಾಡುತ್ತಾ ಅತ್ತದ್ದು ನಿನ್ನೆಯೇ ಮೊದಲು. ಇದಕ್ಕಿಂತ ಒಳ್ಳೆಯದನ್ನು ನಾನು ಮುಂದೆಯೂ ಮಾಡಲಾರೆ.

ನೀವು ಬೇಡ ಎಂದರೆ ಅಳಿಸುತ್ತೇನೆ. ಪ್ರತಿ ಮಾಡಿಟ್ಟಿಲ್ಲ. ಅಬ್ಲೆತ್‌ನ ಬಾಯಿಗೆ ರೊಟ್ಟಿ ಇಟ್ಟು ಮುಚ್ಚಿಸಿದ್ದೇನೆ.

ಜಿಪಾರ್

*

ಆತ್-ಬಾಶಿ
3 ಅಕ್ಟೋಬರ್ 2001

ಜಿಪಾರ್‌ಗೆ.

ಅಳಿಸು.

ನನಗೆ ಅರವತ್ತೆರಡು ವರ್ಷ. ಈ ಬೀದಿಯಲ್ಲಿ ಸೊಸೆ ಅಂದರೆ ಹೀಗಿರಬೇಕು ಎಂದು ನನ್ನನ್ನು ತೋರಿಸುತ್ತಾರೆ. ಗುಂಡುಪಿನ್ನು ಚುಚ್ಚಿಕೊಂಡವರ ಮಧ್ಯೆ ನನ್ನ ಧ್ವನಿ ಬಂದರೆ ಯಾವ ಮುಖ ಹೊತ್ತು ನೀರಿಗೆ ಹೋಗಲಿ? ಹಲ್ಲು ಕಟ್ಟಿಸಲು ಬಂದವಳ ನಾಲಿಗೆ ಕದ್ದಿದ್ದೀಯ. ಕಳ್ಳಿ.

ಅಳಿಸಿದ್ದೇನೆ ಎಂದು ಬರೆ.

ಅಸಿಲ್‌ಕಾನ್

4ನೇ ತಾರೀಖು ಬೆಳಿಗ್ಗೆ. ಕುಬಾತ್ ಚಕ್ರಕ್ಕೆ ಗಾಳಿ ಹಾಕುತ್ತಿದ್ದಾನೆ, ಅಷ್ಟರಲ್ಲಿ ಇದನ್ನೂ ಬರೆಯುತ್ತೇನೆ. ಈಗ ತಾನೇ ಚಹಾ ಬಗ್ಗಿಸಿ ಬಾಗಿಲಿಗೆ ಹೋದೆ. ನಿನ್ನ ಮಾವ ಅಂಗಳದ ಆ ತುದಿಯಲ್ಲಿ ನಿನ್ನ ಮರಿಗೆ ಹುಲ್ಲು ಹಾಕುತ್ತಿದ್ದರು. ನಾನು ಎಂದಿನಂತೆ ‘ಹೋಯ್, ಕೇಳಿಸ್ತಾ’ ಎಂದೆ. ಕೇಳಿಸಲಿಲ್ಲ. ಮತ್ತೆ ‘ಹೋಯ್’ ಎಂದೆ. ಪಕ್ಕದ ಮನೆಯವನು ತಿರುಗಿ ನೋಡಿದ, ಅವರ ನಾಯಿ ತಿರುಗಿ ನೋಡಿತು, ಇವರು ನೋಡಲಿಲ್ಲ. ಅಲ್ಲೇ ಬಾಗಿಲಲ್ಲಿ ನಿಂತು ಯೋಚಿಸಿದೆ. ನಲವತ್ತೊಂದು ವರ್ಷ ಈ ಮನುಷ್ಯನನ್ನು ನಾಯಿ ಕರೆದ ಹಾಗೆ ಕರೆದಿದ್ದೇನಲ್ಲ.

ಅಳಿಸಬೇಡ.

ಆದರೆ ಚಹಾದ ಮಾತೂ ಇರಲಿ, ಕತ್ತರಿಸಬೇಡ. ಬರೀ ಹೆಸರು ಕರೆದರೆ ಜಗಳ ಅಂದುಕೊಂಡಾರು. ಅವರಿಗೆ ನಾನು ಏನೂ ಹೇಳುವುದಿಲ್ಲ, ನೀನೂ ಹೇಳಬೇಡ.

*

ಬಿಶ್ಕೆಕ್
5 ನವೆಂಬರ್ 2001

ಅತ್ತೆ,

ಸುಯುಂಚು! ಉಡುಗೊರೆ ಆಮೇಲೆ ಕೊಡಿ, ನನಗೆ ತಡೆಯುವುದಿಲ್ಲ. ಆಲ್ಬಮ್ ಬಂತು. ಮೊದಲ ಕ್ಯಾಸೆಟ್ ನಿಮಗೆ. ಮೇಲೆ ನಿಮ್ಮ ಅತ್ತೆ ಹೊಲಿದ ಹಾಸಿನ ಚಿತ್ರ ಹಾಕಿದ್ದೇವೆ, ಹಗ್ಗವೂ ಕಾಣುತ್ತದೆ. ಒಳಗೆ ಸಣ್ಣ ಅಕ್ಷರದಲ್ಲಿ ಎಲ್ಲರ ಹೆಸರಿದೆ. ಬೇಸ್, ಹಾಡು, ಮುದ್ರಣ ನಾನು. ಡ್ರಮ್ ಅಬ್ಲೆತ್. ಕರೆದವರು ಅಸಿಲ್‌ಕಾನ್.

ಕ್ಯಾಸೆಟ್ ಬರುವ ಮೊದಲೇ ಕಂಪನಿಯವರು ನಿಮ್ಮ ಹಾಡನ್ನು ಅಲ್ಲಿನ ರೇಡಿಯೋದಲ್ಲಿ ಹಾಕಿಸಿದ್ದರು. ಆಮೇಲೆ ಅಲ್ಮಾತಿಯಲ್ಲಿ ನುಡಿಸಿದೆವು. ಕೊನೆಯ ಹಾಡಿನಲ್ಲಿ ನಾನು ಹನ್ನೆರಡನೆಯ ಸಲ ಬಾಯಿ ಮುಚ್ಚಿದೆ. ಎಂಟುನೂರು ಜನ ಮಾವನವರ ಹೆಸರು ಕೂಗಿ, ಅದರ ಬೆನ್ನಿಗೇ ಒಟ್ಟಾಗಿ ‘ಬನ್ನಿ, ಚಹಾ ಆರ್ತಾ ಇದೆ’ ಎಂದು ಕೂಗಿದರು. ತಂತಿ ಹಿಡಿದ ಕೈ ನಗುವಿಗೆ ಸಡಿಲಾಯಿತು. ಇನ್ನೂ ಮೂರು ತಂಡಗಳು ತಮ್ಮ ಹಾಡೂ ಈ ಉಣ್ಣೆ ಕೋಣೆಯಲ್ಲೇ ಆಗಬೇಕು ಎಂದು ಬಂದಿವೆ.

ನಾನು ಇನ್ನೂ ಆ ಪದ ಹೇಳಿಲ್ಲ. ನಿಮ್ಮ ಮಗ ಅಣಕಿಸುತ್ತಾರೆ, ಮರಿಯನ್ನು ವಾಪಸ್ ಕೊಡು ಎಂದು.

ಜಿಪಾರ್

*

ಆತ್-ಬಾಶಿ
19 ನವೆಂಬರ್ 2001

ಸೊಸೆ ಜಿಪಾರ್‌ಗೆ ಮಾವನ ಆಶೀರ್ವಾದ.

ನಾನು ಕಾಗದ ಬರೆಯುವವನಲ್ಲ. ಸೈನ್ಯದಲ್ಲಿದ್ದಾಗ ಅಮ್ಮನಿಗೆ ಬರೆದದ್ದೇ ಕಡೆ. ತಪ್ಪಿದ್ದರೆ ತಿದ್ದಿಕೊ, ತಿದ್ದುವುದು ನಿನ್ನ ಕಸುಬಂತೆ.

ಮರಿ ಚೆನ್ನಾಗಿದೆ. ನಿನ್ನ ಹಾಗೇ, ಒದೆಯುತ್ತದೆ, ಹತ್ತಿರ ಬಂದು ನಿಲ್ಲುತ್ತದೆ.

ಹೋದ ಶುಕ್ರವಾರ ನಾನು ಅಂಗಳದಲ್ಲಿ ಅದರ ಕಾಲು ನೋಡುತ್ತಿದ್ದೆ. ಮನೆಯೊಳಗಿಂದ ನಿನ್ನ ಅತ್ತೆ ನನ್ನ ಹೆಸರು ಹಿಡಿದು ಕರೆದಳು. ಚಹಾ ಆರುತ್ತದೆ ಎಂದಳು. ನಾನು ‘ಬಂದೆ’ ಎಂದೆ. ದಿನಾ ಕರೆಯುವವರ ಹಾಗೆ ಕರೆದಳು, ನಾನೂ ದಿನಾ ಬರುವವನ ಹಾಗೆ ಬಂದೆ. ಕೈ ತೊಳೆದೆ. ಹೊಸ್ತಿಲು ದಾಟಿದ ಮೇಲೆ ಕಾಲು ನಿಂತಿತು. ನಲವತ್ತೊಂದು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಹೇಗಿರುತ್ತದೆ ಎಂದು ನಾನು ಕೇಳಿರಲಿಲ್ಲ. ಒಳಗೆ ಪೆಟ್ಟಿಗೆಯಲ್ಲಿ ನಿನ್ನ ಕ್ಯಾಸೆಟ್ ತಿರುಗುತ್ತಿತ್ತು, ಅಬ್ಲೆತ್ ಬಡಿಯುತ್ತಿದ್ದ. ಅವಳು ಒಲೆಯ ಕಡೆ ತಿರುಗಿ ನಿಂತಿದ್ದಳು. ಕಿವಿ ಕೆಂಪಾಗಿತ್ತು.

‘ಪೆಟ್ಟಿಗೆ ಕರೆದದ್ದಾ, ನೀನು ಕರೆದದ್ದಾ?’ ಎಂದು ಕೇಳಿದೆ.

‘ಚಹಾ ಆರ್ತಾ ಇದೆ’ ಅಂದಳು.

ಚಹಾ ನಿಜವಾಗಿಯೂ ಬಗ್ಗಿಸಿಟ್ಟಿದ್ದಳು. ಮೂರು ಬಟ್ಟಲು ಕುಡಿದೆ. ಆಮೇಲೆ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿಕೊಂಡು ಕೇಳಿದೆವು. ಆ ಗುಂಡಿ ಎಲ್ಲಿದೆ ಎಂದು ಈಗ ನನಗೂ ಗೊತ್ತು.

ಹೊಸ ವರ್ಷಕ್ಕೆ ಮೂವರೂ ಬನ್ನಿ. ಕುರಿ ಕೊಯ್ಯುತ್ತೇನೆ, ಸೋನುನ್‌ಗೆ ಕಿವಿ ಬಾಕಿ ಇದೆ. ನಿನ್ನ ಉದ್ದ ಕತ್ತಿನದನ್ನೂ ತಾ, ಊರ ಹುಡುಗರು ಕೇಳುತ್ತಿದ್ದಾರೆ.

ಮರಿ ಕೊಟ್ಟರೂ ನೀನು ಬಾಯಿ ಬಿಟ್ಟಿಲ್ಲವಂತೆ. ಸೋನುನ್‌ಗೆ ಇನ್ನೂ ಕೂಡಿಸಿ ಓದಲು ಬರುವುದಿಲ್ಲವಲ್ಲ, ಅಜ್ಜನ ಕಾಗದವನ್ನು ಅವಳಿಗೆ ನೀನೇ ಓದಿ ಹೇಳು. ಗಟ್ಟಿಯಾಗಿ ಓದು, ಸಹಿಯನ್ನೂ ಸೇರಿಸಿ.

ಎರ್ಕಿನ್